ರಮ್ಯಳ ಹೋಮ್‌ವರ್ಕಿಗೆ ಮುಯ್ಯಾಳು

೧೨ ಜುಲೈ ೧೯೯೮, ಭಾನುವಾರ

ಚಿಕ್ಕ ಮಗ ಸುನಿಲ ಎಲ್ಲಿಂದಲೋ ತಂದುಕೊಟ್ಟ ಈ ಡೈರಿ ಎರಡು ವರ್ಷ ಹಳೆಯದು. ತಾರೀಕಿಗೂ ವಾರಕ್ಕೂ ತಾಳೆಯಾಗುವುದಿಲ್ಲ, ವಾರವನ್ನು ಹೊಡೆದು ನಾನೇ ಬರೆದುಕೊಳ್ಳಬೇಕು. ಆದರೂ ಹಾಳೆ ಗಟ್ಟಿಯಾಗಿದೆ, ಬಿಸಾಡಲು ಮನಸ್ಸು ಬರಲಿಲ್ಲ. ರಿಟೈರ್ ಆದಮೇಲೆ ನನ್ನ ಅಕ್ಷರ ಹಾಳಾಗಿದೆ ಎಂದು ನನ್ನ ಹೆಂಡತಿ ಗಂಗಲಕ್ಷ್ಮಮ್ಮ ಆಡಿಕೊಳ್ಳುತ್ತಾಳೆ. ಫ್ಯಾಕ್ಟರಿಯ ಸ್ಟೋರಿನಲ್ಲಿ ಆಯುಸ್ಸೆಲ್ಲ ಚೀಟಿ ಬರೆದ ಕೈ ಇದು! ಹಾಳಾಗಿರುವುದು ಕೈಯಲ್ಲ, ಈ ಮನೆಯ ಟ್ಯೂಬ್‌ಲೈಟು. ಹೊಸದು ಹಾಕಿಸು ಎಂದರೆ ದೊಡ್ಡ ಮಗ ವಸಂತ ಕಿವಿಗೇ ಹಾಕಿಕೊಳ್ಳುವುದಿಲ್ಲ. ಹಾರ್ಡ್‌ವೇರ್ ಅಂಗಡಿ ಇಟ್ಟವನ ಮನೆಯಲ್ಲೇ ಬೆಳಕಿಲ್ಲ.

ಸಂಜೆ ರಮ್ಯಶ್ರೀಯ ಹೋಮ್‌ವರ್ಕಿಗೆ ಎಲ್ಲರೂ ಕೂತೆವು. ರಮ್ಯ ವಸಂತನ ಮಗಳು, ಹಲಸೂರಿನ ಇಂಗ್ಲಿಷ್ ಮೀಡಿಯಂ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸು. ಪಾಪ, ಒಂದು ಪುಟ ಬರೆಯಲು ಸಂಜೆಯೆಲ್ಲ ಕೂತು ಅಳುತ್ತಿತ್ತು ಮಗು. ನೋಡಲಾಗದೆ ಹೋದ ವರ್ಷದಿಂದ ನಾವೇ ಕೈ ಹಾಕಿದ್ದೇವೆ. ಈಗ ಇಂದಿರಾನಗರದವರು ಬಂಗಲೆ ಕಟ್ಟಿಕೊಂಡಿರುವ ಜಾಗದಲ್ಲಿ ನಮ್ಮಪ್ಪನ ಸೊಪ್ಪಿನ ಮಡಿಗಳಿದ್ದ ಕಾಲಕ್ಕೆ, ಕಳೆ ಕೀಳಲು ಮುಯ್ಯಾಳು ಕರೆಯುತ್ತಿದ್ದರು. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಕೂಲಿಯ ಮಾತೇ ಇಲ್ಲ, ದುಡಿಮೆಗೆ ದುಡಿಮೆಯೇ ವಾಪಸ್ಸು. ಹೊಲ ಹೋಯಿತು, ಮುಯ್ಯಾಳು ಮಾತ್ರ ಈ ಜೋಗುಪಾಳ್ಯದ ಮನೆಯಲ್ಲಿ ಉಳಿದಿದೆ. ಸೊಸೆ ಸುಕನ್ಯ ಇಂಗ್ಲಿಷ್ ಬರೆಯುತ್ತಾಳೆ. ಸುನಿಲ ಲೆಕ್ಕ ಮಾಡುತ್ತಾನೆ. ಚಿತ್ರ, ಮ್ಯಾಪು ಎಲ್ಲ ಗಂಗಲಕ್ಷ್ಮಮ್ಮನದು, ರಂಗೋಲಿ ಹಾಕಿ ಪಳಗಿದ ಕೈ. ಕನ್ನಡ ಕಾಪಿ ನನ್ನದು. ಮಗುವಿನ ಅಕ್ಷರದ ಹಾಗೆ ಕಾಣಲೆಂದು ಬೇಕಂತಲೇ ಸ್ವಲ್ಪ ಸೊಟ್ಟಗೆ ಬರೆಯುತ್ತೇನೆ. ಅದೂ ಒಂದು ವಿದ್ಯೆಯೇ.

ರಮ್ಯ ನಮ್ಮ ಮಧ್ಯೆ ಕೂತು ಎಲ್ಲರಿಗೂ ಪೆನ್ಸಿಲ್ ಚೂಪು ಮಾಡಿಕೊಟ್ಟಳು. ಮೇಲಿನ ಮನೆಯ ಬಾಡಿಗೆಯವರ ಜಗಳವನ್ನು ಗಂಡನ ದನಿಯಲ್ಲೂ ಹೆಂಡತಿಯ ದನಿಯಲ್ಲೂ ಆಡಿ ತೋರಿಸಿದಳು. ನಗು ತಡೆಯದೆ ಸುನಿಲನ ಭಾಗಾಕಾರ ತಪ್ಪಿತು.

"ತಾತ, ಈ ಮುಯ್ಯಿ ನಾನು ಯಾವಾಗ ವಾಪಸ್ ಮಾಡ್ಬೇಕು?" ಎಂದು ಕೇಳಿದಳು.

"ನಾವೆಲ್ಲ ಮುದುಕರಾದಾಗ ಮಾಡುವಂತೆ ಬಿಡವ್ವ."

"ನೀನು ಈಗ್ಲೇ ಮುದುಕ ಅಲ್ವಾ?"

ಇಷ್ಟು ಚುರುಕಾದ ಮಗುವಿಗೆ ಓದು ಮಾತ್ರ ಯಾಕೆ ಹತ್ತುವುದಿಲ್ಲವೋ. ಸ್ವಲ್ಪ ಸೋಮಾರಿತನ, ಅಷ್ಟೇ. ವಸಂತ ಅಂಗಡಿ ಬಾಗಿಲು ಹಾಕಿ ಬರುವಷ್ಟರಲ್ಲಿ ಪುಸ್ತಕವೆಲ್ಲ ಬ್ಯಾಗು ಸೇರಿರುತ್ತದೆ. ಅವನಿಗೆ ಇದು ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಅವನ ಕೋಪ ಮೂಗಿನ ತುದಿಯಲ್ಲಿರುತ್ತದೆ.

೩೧ ಜುಲೈ, ಶುಕ್ರವಾರ

ಶಿವಾಜಿನಗರಕ್ಕೆ ಹೊರಟವನು ಎದುರು ದಿಕ್ಕಿನ ಟಿನ್ ಫ್ಯಾಕ್ಟರಿಯಲ್ಲಿ ಇಳಿದೆ. ಬಸ್ಸಿನ ಬೋರ್ಡನ್ನು ಈಗೀಗ ಇರುವೆ ಸಾಲಿನ ಹಾಗೆ ಬರೆಸುತ್ತಾರೆ, ಮನುಷ್ಯರು ಓದಬೇಕೋ ಬೇಡವೋ? ಕೆ.ಆರ್. ಪುರಂನಲ್ಲಿ ಒಬ್ಬರನ್ನು ನೋಡುವುದಿತ್ತು ಎಂದು ಮನೆಯಲ್ಲಿ ಹೇಳಿದೆ. ಎಲ್ಲರೂ ನಂಬಿದರು. ರಮ್ಯ ಮಾತ್ರ ಸುಮ್ಮನೆ ನನ್ನ ಮುಖ ನೋಡಿದಳು.

೧೪ ಆಗಸ್ಟ್, ಶುಕ್ರವಾರ

ಇವತ್ತು ಸ್ಕೂಲಿಗೆ ಕರೆಸಿದ್ದರು. ವಸಂತ, ಸುಕನ್ಯ, ನಾನು ಹೋದೆವು. ರಮ್ಯಳನ್ನು ದಿನವೂ ಬಿಟ್ಟು ಬರುವವನು ನಾನೇ ಆದ್ದರಿಂದ ಆ ಕ್ಲಾಸ್ ಮಿಸ್ಸಿನ ಪರಿಚಯ ನನಗಿತ್ತು. ಕೆಟ್ಟವರಲ್ಲ. ಮೇಜಿನ ಮೇಲೆ ಒಂದು ಕಡೆ ಹೋಮ್‌ವರ್ಕ್ ಪುಸ್ತಕ, ಇನ್ನೊಂದು ಕಡೆ ಟೆಸ್ಟ್ ಪೇಪರುಗಳನ್ನು ಇಟ್ಟುಕೊಂಡಿದ್ದರು.

"ನೋಡಿ ಸರ್, ಹೋಮ್‌ವರ್ಕ್ ಫಸ್ಟ್ ಕ್ಲಾಸ್. ಟೆಸ್ಟ್ ಪೇಪರ್ ನೋಡಿದ್ರೆ ಖಾಲಿ. ಮನೇಲಿ ಬರೆಯೋಕೆ ಬರುತ್ತೆ, ಇಲ್ಲಿ ಬರಲ್ವಾ? ಇದು ಬರದೆ ಇರೋದಲ್ಲ, ಬೇಕು ಅಂತ ಮಾಡೋದು. ಹೀಗೇ ಆದ್ರೆ ಮಾರ್ಚಲ್ಲಿ ಫೇಲು. ಫೇಲಾದ್ರೆ ಟಿಸಿ ಕೊಡ್ತೀವಿ ಅಂತ ಹೆಡ್‌ಮಿಸ್ಟ್ರೆಸ್ ಹೇಳ್ಬಿಟ್ಟಿದಾರೆ."

ಸುಕನ್ಯ ನನ್ನ ಕಡೆ ನೋಡಿದಳು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ. ಬಾಯಿ ಬಿಟ್ಟರೆ ಮನೆಯ ಮಾನವೆಲ್ಲ ಆ ಮೇಜಿನ ಮೇಲೆ ಹರಡುತ್ತದೆ.

ಮನೆಗೆ ಬಂದಮೇಲೆ ವಸಂತ ಕೂಗಾಡಿದ. "ಎಲ್ರೂ ಮುದ್ದು ಮಾಡಿ ಮಾಡಿ ತಲೆ ಮೇಲೆ ಕೂರಿಸ್ಕೊಂಡಿದೀರ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತಾ? ಬರೋ ಜೂನ್‌ಗೆ ತುಮಕೂರ್ ಕಡೆ ಹಾಸ್ಟೆಲ್ ಸ್ಕೂಲಿಗೆ ಹಾಕ್ತೀನಿ. ಅಲ್ಲಿ ಬಗ್ಗಿಸ್ತಾರೆ."

ಒಂಬತ್ತು ವರ್ಷದ ಹೆಣ್ಣುಮಗು. ರಾತ್ರಿ ಅಜ್ಜಿಯ ಸೆರಗು ಹಿಡಿಯದೆ ಅದಕ್ಕೆ ನಿದ್ದೆ ಬರುವುದಿಲ್ಲ.

ಅವನು ಅಂಗಡಿಗೆ ಹೋದಮೇಲೆ ರಮ್ಯ ನನ್ನ ಪಕ್ಕ ಬಂದು ಕೂತಳು. ಅಳಲಿಲ್ಲ. "ತಾತ, ಹಾಸ್ಟೆಲಲ್ಲಿ ಹೋಮ್‌ವರ್ಕ್ ಯಾರು ಮಾಡ್ಕೊಡ್ತಾರೆ?" ಎಂದಳು.

ಅವಳ ಬ್ಯಾಗಿನಿಂದ ಕನ್ನಡ ಕಾಪಿ ತೆಗೆದು ಬರೆಯಲು ಕೂತೆ.

೨೫ ಆಗಸ್ಟ್, ಮಂಗಳವಾರ

ಗಣೇಶನ ಹಬ್ಬ. ಕಡುಬು ಚೆನ್ನಾಗಿತ್ತು. ಮಗುವಿಗೆ ವಿದ್ಯೆ ಕೊಡಪ್ಪ ಎಂದು ಕೇಳಿಕೊಂಡೆ. ನಾಳೆಯ ಕನ್ನಡ ಕಾಪಿಯನ್ನೂ ಬರೆದಿಟ್ಟೆ.

೧೩ ಸೆಪ್ಟೆಂಬರ್, ಭಾನುವಾರ

ಇದನ್ನು ಬರೆಯಲೋ ಬೇಡವೋ ಎಂದು ಯೋಚಿಸುತ್ತಾ ಬೆಳಗಿನಿಂದ ಕೂತಿದ್ದೇನೆ. ಈ ಡೈರಿ ಯಾರೂ ಓದುವುದಿಲ್ಲ, ಬರೆಯುತ್ತೇನೆ.

ಬೆಳಿಗ್ಗೆ ಜಗುಲಿಯಲ್ಲಿ ಪೇಪರ್ ಹಿಡಿದು ಕೂತಿದ್ದೆ. ಕಾಫಿ ತಂದ ಗಂಗಲಕ್ಷ್ಮಮ್ಮ "ಏನ್ರೀ ವಿಶೇಷ?" ಎಂದಳು. ನಾನು ಗಂಟಲು ಸರಿ ಮಾಡಿಕೊಂಡು, ಮಳೆಯ ಸುದ್ದಿ, ಈರುಳ್ಳಿ ದುಬಾರಿಯಾದ ಸುದ್ದಿ, ಎಲ್ಲವನ್ನೂ ಹೇಳಿದೆ. ಅವಳು ಒಳಗೆ ಹೋದಳು. ಮೆಟ್ಟಿಲ ಮೇಲೆ ರಮ್ಯ ಸೀಬೆಹಣ್ಣು ಕಚ್ಚುತ್ತಾ ಕೂತಿದ್ದಳು.

"ತಾತ, ನೀನು ಓದ್ತಾ ಇಲ್ಲ ಅಲ್ವಾ?"

"ಮತ್ತೇನು ಮಾಡ್ತಾ ಇದೀನಿ?"

"ಅದೆಲ್ಲ ಬೆಳಿಗ್ಗೆ ರೇಡಿಯೋದಲ್ಲಿ ಬಂತಲ್ಲ. ಅದನ್ನೇ ಹೇಳ್ದೆ ನೀನು. ಪುಟ ತಿರುವ್ತಾ ತಿರುವ್ತಾ ಹೇಳ್ದೆ." ದನಿ ತಗ್ಗಿಸಿದಳು. "ನಾನೂ ಹಂಗೇ ಮಾಡ್ತೀನಿ. ಮಿಸ್ ಓದ್ಸುವಾಗ ಪಕ್ಕದವಳು ಓದಿದ್ದನ್ನ ನೆನಪಿಟ್ಕೋತೀನಿ, ನನ್ ಸರದಿ ಬಂದ್ರೆ ಪುಸ್ತಕ ನೋಡ್ಕೊಂಡ್ ಹೇಳ್ತೀನಿ. ತಾತ, ನಿಂಗೂ ಅಕ್ಷರ ಓಡಾಡ್ತವಾ?"

ಅಯ್ಯೋ ಶಿವನೇ. ನನಗೆ ಓಡಾಡುವುದಿಲ್ಲ, ಮಂಜು ಕವಿದ ಹಾಗೆ ಆಗುತ್ತದೆ. ಒಂದು ವರ್ಷದಿಂದ ಯಾರಿಗೂ ಹೇಳಿಲ್ಲ. ಡಾಕ್ಟರು, ಆಪರೇಷನ್ನು, "ಅಯ್ಯೋ ಮಾವನಿಗೆ ಕಣ್ಣು ಕಾಣಲ್ಲ" ಎಂಬ ಮಾತು, ಇದ್ಯಾವುದೂ ನನಗೆ ಬೇಡವಾಗಿತ್ತು. ಟ್ಯೂಬ್‌ಲೈಟನ್ನೂ ಬಸ್ಸಿನ ಬೋರ್ಡನ್ನೂ ಬೈದುಕೊಂಡು ಕಾಲ ತಳ್ಳಿದ್ದೆ. ಮನೆ ತುಂಬ ದೊಡ್ಡವರಿದ್ದರೂ ಯಾರಿಗೂ ಗೊತ್ತಾಗಿರಲಿಲ್ಲ. ಈ ಪುಟ್ಟಿ ಕಂಡುಹಿಡಿದುಬಿಟ್ಟಳು.

"ಸುಸ್ತಾಗುತ್ತಲ್ವಾ ತಾತ, ಹಂಗೆ ಮಾಡಕ್ಕೆ?" ಎಂದಳು.

ಹೌದವ್ವ ಎಂದೆ. ಅವಳ ಕೈಲಿದ್ದ ಸೀಬೆಹಣ್ಣನ್ನು ಇಬ್ಬರೂ ಹಂಚಿಕೊಂಡು ತಿಂದೆವು.

ಇದು ಸೋಮಾರಿತನ ಅಲ್ಲ. ಸೋಮಾರಿಗೆ ಇಷ್ಟೆಲ್ಲ ಕಷ್ಟಪಡಲು ಆಗುತ್ತದೆಯೇ?

೧೪ ಸೆಪ್ಟೆಂಬರ್, ಸೋಮವಾರ

ಇನಾಯತ್ ಉಲ್ಲಾ ಅಂಗಡಿಗೆ ಹೋಗಿದ್ದೆ. ಶಿವಾಜಿನಗರದಲ್ಲಿ ಅವನದು ಹಾಸಿಗೆ ದಿಂಬಿನ ವ್ಯಾಪಾರ. ನಮ್ಮಪ್ಪ ಸೊಪ್ಪಿನ ಗಾಡಿ ತರುತ್ತಿದ್ದ ಕಾಲದಿಂದ ಸ್ನೇಹ. ಹತ್ತಿ ಮೂಟೆಯ ಮೇಲೆ ಕೂತು ಎಲ್ಲ ಹೇಳಿಕೊಂಡೆ, ನನ್ನ ಕಣ್ಣಿನ ವಿಷಯ ಒಂದನ್ನು ಬಿಟ್ಟು.

"ಅರೆ ಭಾಯ್, ನಮ್ ಓವೈಸ್ ಇದಾನಲ್ಲ, ನನ್ ಮೊಮ್ಮಗ, ಅವ್ನೂ ಹಿಂಗೇ ಇದ್ದ," ಎಂದ. "ಇಂಗ್ಲಿಷ್ ಅಕ್ಷರ ಎಲ್ಲಾ ಉಲ್ಟಾ ಪಲ್ಟಾ. ನಾನು ತಾಯತ ಕಟ್ಸಿದೆ, ಟ್ಯೂಷನ್ ಮಾಸ್ಟರ್ ಕೈಲಿ ಏಟು ಹಾಕ್ಸಿದೆ, ದಿನಾ ಬಾದಾಮಿ ತಿನ್ಸಿದೆ. ಏನೂ ಆಗ್ಲಿಲ್ಲ. ಆ ಬಾದಾಮಿ ನಾನು ತಿಂದಿದ್ರೆ ನನ್ ಮಂಡಿನೋವಾದ್ರೂ ಹೋಗ್ತಿತ್ತು. ಆಮೇಲೆ ರಿಚರ್ಡ್ಸ್ ಟೌನ್‌ನಲ್ಲಿ ಸಾಲೇಹಾ ಮೇಡಂ ಅಂತ ಸಿಕ್ಕಿದ್ರು. ಇಂಥ ಮಕ್ಳಿಗೇ ಪಾಠ ಮಾಡೋದು ಅವ್ರು. ಶನಿವಾರ ನಾನೇ ಕರ್ಕೊಂಡ್ ಹೋಗ್ತೀನಿ, ನಡೀರಿ."

ಕೇಳಿದ್ದಕ್ಕೆ ಇಲ್ಲವೆನ್ನದೆ ಅಂಗಡಿ ಬಿಟ್ಟು ಬರುತ್ತೇನೆಂದ. ಇಂಥವನು ಸ್ನೇಹಿತನಾಗಿ ಸಿಕ್ಕಿದ್ದು ನನ್ನ ಪುಣ್ಯ.

೧೯ ಸೆಪ್ಟೆಂಬರ್, ಶನಿವಾರ

ಸುಕನ್ಯ, ರಮ್ಯ, ನಾನು, ಇನಾಯತ್ ಹೋಗಿಬಂದೆವು. ವಸಂತನಿಗೆ ಹೇಳಲಿಲ್ಲ. ಹಳೇ ಕಾಲದ ಮನೆ, ಅಂಗಳದಲ್ಲಿ ದೊಡ್ಡ ನೇರಳೆ ಮರ, ವರಾಂಡದಲ್ಲಿ ಚಾಪೆ ಹಾಸಿ ಪಾಠ. ಸಾಲೇಹಾ ಮೇಡಂಗೆ ನಲವತ್ತೈದು ಇರಬಹುದು. ರಮ್ಯಳನ್ನು ಒಳಗೆ ಕರೆದುಕೊಂಡು ಹೋಗಿ ತುಂಬಾ ಹೊತ್ತು ಮಾತಾಡಿಸಿದರು, ಓದಿಸಿದರು, ಆಟ ಆಡಿಸಿದರು. ಹೊರಗೆ ಬಂದಾಗ ರಮ್ಯ ನಗುತ್ತಿದ್ದಳು. ಪುಸ್ತಕದ ಕೋಣೆಯಿಂದ ಅವಳು ನಗುತ್ತಾ ಬಂದದ್ದನ್ನು ನಾನು ಕಂಡಿರಲಿಲ್ಲ.

"ನಿಮ್ ಮಗು ದಡ್ಡಿ ಅಲ್ಲಮ್ಮ," ಎಂದು ಸುಕನ್ಯಳಿಗೆ ಹೇಳಿದರು. "ಸೋಮಾರಿನೂ ಅಲ್ಲ. ಇದಕ್ಕೆ ಡಿಸ್ಲೆಕ್ಸಿಯಾ ಅಂತಾರೆ. ಬುದ್ಧಿ ಚೆನ್ನಾಗೇ ಇದೆ, ಅಕ್ಷರಕ್ಕೂ ಶಬ್ದಕ್ಕೂ ಗಂಟು ಬೀಳೋದು ನಿಧಾನ. ಕಾಯಿಲೆ ಅಲ್ಲ, ಮಾತ್ರೆ ಔಷಧಿ ಇಲ್ಲ. ಬೇರೆ ತರ ಹೇಳ್ಕೊಟ್ರೆ ಕಲೀತಾಳೆ. ಟೈಮ್ ಬೇಕು, ಅಷ್ಟೇ."

ಸುಕನ್ಯ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಾನು ಬಸುರಿಯಾಗಿದ್ದಾಗ ಗ್ರಹಣ ನೋಡ್ಬಿಟ್ಟೆ ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ ಮೇಡಂ," ಎಂದಳು. ಈ ಹುಡುಗಿ ಮನಸ್ಸಿನಲ್ಲಿ ಅದನ್ನು ಹೊತ್ತುಕೊಂಡು ತಿರುಗುತ್ತಿದ್ದದ್ದು ನನಗೆ ತಿಳಿದೇ ಇರಲಿಲ್ಲ.

ಮೇಡಂ ಹೋಮ್‌ವರ್ಕ್ ಪುಸ್ತಕ ಕೇಳಿದರು. ನಾನು ಸ್ವಲ್ಪ ಹೆಮ್ಮೆಯಿಂದಲೇ ಕೊಟ್ಟೆ. ಹಾಳೆ ತಿರುವುತ್ತಾ ತಿರುವುತ್ತಾ ಅವರ ಮುಖ ಗಂಟಿಕ್ಕಿತು.

"ಅಪ್ಪಾಜಿ, ಇದ್ರಲ್ಲಿ ನಾಲ್ಕು ಜನದ ಕೈ ಇದೆ. ಮಗು ಎಲ್ಲಿದೆ?"

ಮುಯ್ಯಾಳಿನ ಕಥೆ ಹೇಳಿದೆ. ಇನಾಯತ್ ಹೊಟ್ಟೆ ಹಿಡಿದುಕೊಂಡು ನಕ್ಕ. ಮೇಡಂ ನಗಲಿಲ್ಲ.

"ಪ್ರೀತಿಯಿಂದ ಮಾಡಿದೀರ, ನಂಗೆ ಗೊತ್ತು. ಆದ್ರೆ ಈ ಪುಸ್ತಕ ನೋಡಿದ ಟೀಚರ್ ಏನ್ ಅಂದ್ಕೋತಾರೆ? ಇವಳಿಗೆ ಎಲ್ಲಾ ಬರುತ್ತೆ, ಕೊಬ್ಬು ಅಂತ. ಇವಳಿಗೆ ಕಷ್ಟ ಇರೋದು ಯಾರಿಗೂ ಕಾಣದ ಹಾಗೆ ನೀವೇ ಮುಚ್ಚಿಟ್ಟಿದೀರ. ಇವತ್ತಿಂದ ಯಾರೂ ಪೆನ್ಸಿಲ್ ಮುಟ್ಟಬಾರದು. ಸ್ವಲ್ಪ ಹೊತ್ತು ಕೂರ್ಸಿ, ಎಷ್ಟು ಆಗುತ್ತೋ ಅಷ್ಟು. ಸಾಕು ಅನ್ನಿಸಿದಾಗ ಗೆರೆ ಎಳೆದು, ಇಷ್ಟು ಅವಳೇ ಮಾಡಿದ್ದು ಅಂತ ಬರೆದು ಸೈನ್ ಹಾಕಿ ಕಳ್ಸಿ. ಖಾಲಿ ಇದ್ರೆ ಖಾಲಿ ಇರ್ಲಿ."

"ಸ್ಕೂಲಲ್ಲಿ ಬೈತಾರಲ್ಲ?"

"ಬೈಯ್ಲಿ. ಪಕ್ಕದಲ್ಲಿ ಕೂತ್ಕೊಳ್ಳಿ, ಕಥೆ ಓದಿ ಹೇಳಿ, ಕೈ ಮಾತ್ರ ಹಾಕ್ಬೇಡಿ. ನಿಮ್ಗೇ ತುಂಬಾ ಕಷ್ಟ ಆಗೋದು, ನೋಡ್ತಿರಿ."

ಎಪ್ಪತ್ತು ಹತ್ತಿರವಾದ ನನಗೆ ಹೀಗೆ ಮುಖಕ್ಕೆ ಹೇಳಿದವರು ಕಡಿಮೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ.

೨೨ ಸೆಪ್ಟೆಂಬರ್, ಮಂಗಳವಾರ

ಎರಡು ಸಾಲು ಬರೆದಳು. ಗಂಗಲಕ್ಷ್ಮಮ್ಮ ಅಡುಗೆಮನೆಗೂ ಹಾಲಿಗೂ ಓಡಾಡಿ ಓಡಾಡಿ, "ಆ ಕೊನೇ ಪದ ಒಂದನ್ನ ನಾನು..." ಎಂದಳು. ಗದರಿಸಿ ಕಳಿಸಿದೆ. ನಾನು ನನ್ನ ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ. ಸುಕನ್ಯ ಗೆರೆ ಎಳೆದು ಸೈನ್ ಹಾಕಿದಳು.

ಮೇಡಂ ಹೇಳಿದ್ದು ನಿಜ. ಕಷ್ಟ ನಮಗೇ.

೩೦ ಸೆಪ್ಟೆಂಬರ್, ಬುಧವಾರ

ಆಯುಧಪೂಜೆ. ವಸಂತನ ಸ್ಕೂಟರಿಗೂ ನನ್ನ ಹಳೇ ಪೆನ್ನಿಗೂ ಕುಂಕುಮ. ಪೂಜೆಗಿಟ್ಟ ಪುಸ್ತಕವನ್ನು ನಾಳೆಯವರೆಗೆ ಮುಟ್ಟಬಾರದು ಎಂದು ಅಜ್ಜಿ ಹೇಳಿದ್ದೇ ತಡ, ರಮ್ಯ ಬ್ಯಾಗಿಗೆ ಬ್ಯಾಗೇ ತಂದು ಸರಸ್ವತಿಯ ಮುಂದೆ ಸುರಿದಳು. ಎಲ್ಲರೂ ನಕ್ಕೆವು. ವಸಂತ ಮಾತ್ರ ನಗಲಿಲ್ಲ.

೧೭ ಅಕ್ಟೋಬರ್, ಶನಿವಾರ

ಆಗಬಾರದ್ದು ಆಯಿತು. ಸ್ಕೂಲಿನಿಂದ ವಸಂತನ ಅಂಗಡಿಗೇ ಫೋನು. ಹೋಮ್‌ವರ್ಕ್ ಅರ್ಧಂಬರ್ಧ ಬರುತ್ತಿದೆ, ಹುಡುಗಿ ಮೊದಲಿಗಿಂತ ಕೆಟ್ಟಿದ್ದಾಳೆ ಎಂದರಂತೆ. ಸುಕನ್ಯ ಆಗ ಡಿಸ್ಲೆಕ್ಸಿಯಾ ವಿಷಯ ಹೇಳಿಬಿಟ್ಟಳು. ಅವನಿಗೆ ಇನ್ನೂ ಉರಿಯಿತು.

"ನನಗೆ ಗೊತ್ತಿಲ್ಲದೆ ಎಲ್ಲೆಲ್ಲೋ ಕರ್ಕೊಂಡ್ ಹೋಗ್ತಿದೀರಾ? ನಾಳೆ ಇವಳನ್ನ ತಲೆ ಸರಿಯಿಲ್ದವಳು ಅಂತಾರೆ. ಯಾರು ಮದುವೆ ಆಗ್ತಾರೆ? ಅವಳಿಗೆ ಎಲ್ಲಾ ಬರ್ತಿತ್ತು, ಅಲ್ಲಿಗೆ ಹೋದ್ಮೇಲೇ ಖಾಲಿ ಬಿಡೋದು ಕಲ್ತಿದಾಳೆ. ಹಾಸ್ಟೆಲ್‌ನವರ ಹತ್ರ ಮಾತಾಡ್ಬಿಟ್ಟಿದೀನಿ, ಸಂಕ್ರಾಂತಿ ಕಳೆದ್ಮೇಲೆ ಜೂನ್‌ಗೆ ಸೀಟು ಗಟ್ಟಿ ಮಾಡ್ತಾರೆ."

ಎಲ್ಲಾ ಬರ್ತಿತ್ತು! ಅವನು ನಂಬಿರುವುದು ನಮ್ಮ ನಾಲ್ವರ ಕೈಬರಹವನ್ನು. ಮಗುವನ್ನು ತುಮಕೂರಿಗೆ ಕಳಿಸುತ್ತಿರುವವನು ಅವನೋ ನಾವೋ?

ಈ ಕೋಪದ ಮುಂದೆ ಹೋಮ್‌ವರ್ಕಿನ ನಿಜ ಹೇಳುವ ಧೈರ್ಯ ನನಗಿಲ್ಲ. ಮೇಡಂ ಬರುವ ತಿಂಗಳು ಭಾನುವಾರ ತಂದೆತಾಯಿಯರನ್ನೆಲ್ಲ ಕರೆದಿದ್ದಾರೆ. ಹೇಗಾದರೂ ಇವನನ್ನು ಅಲ್ಲಿ ಕೂರಿಸಬೇಕು. ಅಲ್ಲೇ ಹೇಳುತ್ತೇನೆ.

೮ ನವೆಂಬರ್, ಭಾನುವಾರ

ಬೆಳಿಗ್ಗೆ ವಸಂತ ಪೇಪರ್ ಓದುತ್ತಿದ್ದ. ನಾನು ಹೋಗಿ, "ನನ್ನನ್ನ ರಿಚರ್ಡ್ಸ್ ಟೌನಿಗೆ ಸ್ಕೂಟರಲ್ಲಿ ಬಿಡು," ಎಂದೆ.

"ಬಸ್ಸಲ್ಲಿ ಹೋಗಣ್ಣ. ಆ ಮೇಡಂ ಮನೆಗೆ ನಾನ್ ಬರಲ್ಲ." ಚಿಕ್ಕಂದಿನಿಂದ ಅವನು ನನ್ನನ್ನು ಅಣ್ಣ ಎಂದೇ ಕರೆಯುವುದು.

"ಬಸ್ ನಂಬರ್ ಕಾಣಲ್ಲ ಕಣೋ ನನಗೆ. ಕಣ್ಣು ಮಂಜಾಗಿ ವರ್ಷದ ಮೇಲಾಯ್ತು."

ಅವನನ್ನು ಹೊರಡಿಸಲು ಒಂದು ನೆಪ ಬೇಕಿತ್ತು, ಹೇಳಿದೆ. ಸುಳ್ಳಂತೂ ಅಲ್ಲ. ಅವನು ಪೇಪರ್ ಇಳಿಸಿ ನನ್ನನ್ನೇ ನೋಡಿದ. ಒಳಗಿನಿಂದ ಗಂಗಲಕ್ಷ್ಮಮ್ಮ ಕೈಯಲ್ಲಿ ಸೌಟು ಹಿಡಿದುಕೊಂಡೇ ಬಂದಳು. "ಯಾಕಣ್ಣ ಹೇಳ್ಲಿಲ್ಲ?" ಎಂದು ವಸಂತ ಎರಡು ಸಲ ಕೇಳಿದ. ಆಮೇಲೆ ಸ್ಕೂಟರ್ ತೆಗೆದ.

ವರಾಂಡದಲ್ಲಿ ಏಳೆಂಟು ಜನ ತಂದೆತಾಯಿಯರಿದ್ದರು. ನನ್ನನ್ನು ಬಿಟ್ಟು ಹೋಗಲು ನೋಡಿದ ವಸಂತನನ್ನು ಮೇಡಂ ಬಿಡಲಿಲ್ಲ. "ಬಂದಿದೀರಲ್ಲ, ಒಂದು ಆಟ ಆಡಿ ಹೋಗಿ." ಅವನ ಮುಂದೆ ಒಂದು ಕನ್ನಡಿ ನಿಲ್ಲಿಸಿದರು. ಬರೆಯುವ ಕೈ ಕಾಣದ ಹಾಗೆ ರಟ್ಟು ಅಡ್ಡ ಹಿಡಿದರು. "ಕನ್ನಡಿ ಮಾತ್ರ ನೋಡ್ಕೊಂಡು ನಿಮ್ ಮಗಳ ಹೆಸರು ಬರೀರಿ."

ಇಷ್ಟೇನ ಎನ್ನುವ ಹಾಗೆ ಪೆನ್ನು ತೆಗೆದುಕೊಂಡ. 'ರ' ಸುತ್ತಲು ಹೋದರೆ ಪೆನ್ನು ಆ ಕಡೆ ಓಡಿತು. ತಿದ್ದಲು ಹೋದ, ಇನ್ನೂ ಕೆಟ್ಟಿತು. ಮೇಡಂ ಹಿಂದೆ ನಿಂತು ದನಿ ಜೋರು ಮಾಡಿದರು. "ಬೇಗ, ಬೇಗ. ಪಕ್ಕದವರದು ಆಗ್ಹೋಯ್ತು. ನಿಮ್ ಮಗಳ ಹೆಸರೇ ಬರಲ್ವಾ? ನೆನ್ನೆ ಬರ್ತಿತ್ತಲ್ಲ? ಬೇಕು ಅಂತ ಮಾಡ್ತಿದೀರಾ?"

ವಸಂತನ ಕಿವಿ ಕೆಂಪಾಯಿತು. ಪೆನ್ನನ್ನು ಕುಕ್ಕಿ ಕೆಳಗಿಟ್ಟ.

"ಮೇಡಂ, ಅವಳಿಗೆ ದಿನಾ ಹಿಂಗೇ ಆಗುತ್ತಾ?"

"ಇದೇ ತರ ಕಾಣುತ್ತೆ ಅಂತ ನಾನು ಹೇಳಲ್ಲ. ಆದ್ರೆ ಸುಸ್ತು ಇಷ್ಟೇ, ಅವಮಾನ ಇಷ್ಟೇ. ಬೆಳಿಗ್ಗೆಯಿಂದ ಸ್ಕೂಲ್ ಬಿಡೋವರೆಗೂ. ನೀವು ಪೆನ್ ಕೆಳಗಿಟ್ರಿ, ಅವಳು ಇಡೋ ಹಾಗಿಲ್ಲ."

ಆಗ ನಾನು ಬಾಯಿ ಬಿಟ್ಟೆ. ಅಷ್ಟು ಜನರ ಮುಂದೆಯೇ ಹೇಳಿದೆ. "ಲೋ ವಸಂತ, ಮಿಸ್ಸು ಹೊಗಳಿದ ಹೋಮ್‌ವರ್ಕ್ ಅವಳದ್ದಲ್ಲ ಕಣಪ್ಪ. ನಾವು ನಾಲ್ಕು ಜನ ಮಾಡಿದ್ದು. ಅವಳಿಗೆ ಯಾವತ್ತೂ ಬರ್ತಿರ್ಲಿಲ್ಲ. ಈಗ ಖಾಲಿ ಬರ್ತಿದೆಯಲ್ಲ, ಅದೇ ಅವಳು ನಿಜವಾಗಿ ಮಾಡಿದ್ದು."

"ಕನ್ನಡ ಯಾರು ಬರೀತಿದ್ದದ್ದು?"

"ನಾನೇ."

"ಅದ್ರಲ್ಲೂ ಮಾರ್ಕ್ಸ್ ಕಡಿಮೆನೇ ಬರ್ತಿತ್ತಲ್ಲಣ್ಣ," ಎಂದ. ವರಾಂಡ ಪೂರ್ತಿ ನಕ್ಕಿತು. ವಸಂತನೂ ನಗುತ್ತಿದ್ದ, ಕಣ್ಣು ಮಾತ್ರ ತುಂಬಿತ್ತು.

ವಾಪಸ್ಸು ಬರುವಾಗ ಹಲಸೂರು ಕೆರೆಯ ಹತ್ತಿರ ಸ್ಕೂಟರ್ ನಿಲ್ಲಿಸಿದ. "ಹೋದ ತಿಂಗಳು ಅವಳಿಗೆ ಹೊಡೆದೆ ಅಣ್ಣ," ಎಂದ. ಬೆನ್ನು ಸವರಿದೆ. ಇವನು ಸಣ್ಣವನಾಗಿದ್ದಾಗ ಇಷ್ಟು ಹೊತ್ತು ಇವನ ಪಕ್ಕ ನಿಂತಿದ್ದೆನೋ ಇಲ್ಲವೋ ನೆನಪಿಲ್ಲ.

೬ ಡಿಸೆಂಬರ್, ಭಾನುವಾರ

ಬರೆಯುವುದಕ್ಕೆ ಬಹಳ ಇದೆ, ಕಣ್ಣು ಬಿಡುವುದಿಲ್ಲ. ಡಾಕ್ಟರು ಪೊರೆ ಎಂದರು. ಆಪರೇಷನ್ ಮಾಡಿದರೆ ಸರಿಹೋಗುತ್ತದಂತೆ. ರಮ್ಯಳ ಪರೀಕ್ಷೆ ಮುಗಿದಮೇಲೆ ಮಾಡಿಸುತ್ತೇನೆ ಎಂದೆ. ಈಗ ಅವಳು ನನ್ನ ಕೈ ಹಿಡಿದು ರಸ್ತೆ ದಾಟಿಸುತ್ತಾಳೆ, ಬಸ್ಸಿನ ಬಣ್ಣ, ಕಂಡಕ್ಟರ್ ಮುಖ ನೋಡಿ ಯಾವ ಬಸ್ಸೆಂದು ಹೇಳುತ್ತಾಳೆ. ಒಂದು ಸಲವೂ ತಪ್ಪಿಲ್ಲ.

ವಸಂತ ಮೇಡಂ ಜೊತೆ ಸ್ಕೂಲಿಗೆ ಹೋಗಿ ಮಿಸ್ಸಿಗೆ ಎಲ್ಲ ಬಿಡಿಸಿ ಹೇಳಿ ಬಂದ. ಆಕೆ ಬೇಜಾರು ಮಾಡಿಕೊಂಡರಂತೆ. "ಮೊದ್ಲೇ ಹೇಳಿದ್ರೆ ನಾನು ಅಷ್ಟು ಬೈತಿರ್ಲಿಲ್ಲ," ಎಂದರಂತೆ. ವಿಜ್ಞಾನ, ಸಮಾಜ ಬಾಯಲ್ಲಿ ಕೇಳುತ್ತಾರೆ. ಇಂಗ್ಲಿಷ್, ಕನ್ನಡ, ಲೆಕ್ಕ ಬರೆಯಲೇಬೇಕು, ಸ್ವಲ್ಪ ಹೆಚ್ಚು ಟೈಮ್ ಕೊಡುತ್ತಾರೆ. ಫೇಲಾದರೆ ಟಿಸಿ ಎನ್ನುವುದು ಮಾತ್ರ ಹಾಗೇ ಇದೆ. ಹಾಸ್ಟೆಲಿಗೆ ಸದ್ಯಕ್ಕೆ ಬೇಡವೆಂದು ಹೇಳಿದ್ದಾನೆ ವಸಂತ. ಸದ್ಯಕ್ಕೆ ಅಂದರೆ ಎಲ್ಲಿಯವರೆಗೆ ಎಂದು ಯಾರೂ ಕೇಳಿಲ್ಲ.

ಈಗ ಅಂಗಡಿಯನ್ನು ಸಂಜೆ ಹುಡುಗರಿಗೆ ಬಿಟ್ಟು ಬೇಗ ಬರುತ್ತಾನೆ. ಮೇಡಂ ಹೇಳಿದ ಹಾಗೆ ಮೊರದಲ್ಲಿ ರಾಗಿ ಹರಡಿ, ರಮ್ಯ ಬೆರಳಲ್ಲಿ ಅಕ್ಷರ ಬರೆಯುತ್ತಾ ಅದರ ಶಬ್ದ ಕೂಗುತ್ತಾಳೆ, ಅಪ್ಪನೂ ಜೊತೆಗೆ ಕೂಗುತ್ತಾನೆ. ಮೇಲಿನ ಮನೆಯವರು ಏನೋ ಗಲಾಟೆ ಎಂದು ಇಳಿದು ಬಂದರು. ಆ ರಾಗಿ ಯಾವತ್ತು ಮುದ್ದೆಯಾಗುತ್ತದೋ ಎಂದು ಗಂಗಲಕ್ಷ್ಮಮ್ಮ ಗೊಣಗುತ್ತಾಳೆ, ದಿನವೂ ಮೊರ ತಂದಿಡುವವಳೂ ಅವಳೇ. ನಾನು ಸುಮ್ಮನೆ ಮೂಲೆಯಲ್ಲಿ ಕೂತು ಕೇಳುತ್ತೇನೆ. ಅಷ್ಟೇ ಸಾಕೆನಿಸುತ್ತದೆ.

ಟ್ಯೂಬ್‌ಲೈಟು ಹೊಸದು ಬಂತು. ಹಳೆಯದರಲ್ಲಿ ಏನೂ ದೋಷವಿರಲಿಲ್ಲ.

೧೭ ಜನವರಿ ೧೯೯೯, ಭಾನುವಾರ

ಹಳೇ ಡೈರಿಗೆ ಇನ್ನೊಂದು ವರ್ಷ. ಕರ್ನಾಟಕದ ಮ್ಯಾಪು ಬರೆದು ತರಲು ಹೇಳಿದ್ದರು. ರಮ್ಯ ಬರೆದದ್ದು ಮಾವಿನಕಾಯಿಯ ಹಾಗಿತ್ತು. ಗಂಗಲಕ್ಷ್ಮಮ್ಮನಿಗೆ ಮನಸ್ಸು ತಡೆಯಲಿಲ್ಲ. ಮಗು ಆಟಕ್ಕೆ ಹೋದಾಗ ಕದ್ದು ಇನ್ನೊಂದು ಬರೆದು, ನದಿಗೆಲ್ಲ ನೀಲಿ ಬಣ್ಣ ತುಂಬಿ ಪುಸ್ತಕದಲ್ಲಿಟ್ಟಳು. ರಮ್ಯ ಬಂದು ನೋಡಿದಳು, ಹಾಳೆಯನ್ನು ಎರಡು ಚೂರು ಮಾಡಿದಳು.

"ಅಜ್ಜಿ, ಇದು ಚೆನ್ನಾಗಿದೆ. ಆದ್ರೆ ನಂದಲ್ಲ."

ಮಾವಿನಕಾಯಿಯನ್ನೇ ತೆಗೆದುಕೊಂಡು ಹೋಗುತ್ತಾಳಂತೆ. ಗಂಗಲಕ್ಷ್ಮಮ್ಮ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡಳು. ಬೇಜಾರಾಯಿತಾ ಎಂದೆ. "ಇಲ್ಲ ಕಣ್ರೀ, ಖುಷಿಗೆ," ಎಂದಳು.

೨೦ ಜನವರಿ, ಬುಧವಾರ

ರಂಜಾನ್ ಹಬ್ಬ. ಇನಾಯತ್ ಮನೆಗೆ ಎಲ್ಲರೂ ಹೋಗಿ ಶೀರ್ ಖುರ್ಮಾ ಕುಡಿದು ಬಂದೆವು. ಓವೈಸ್ ಒಂದು ಕಥೆ ಪುಸ್ತಕ ತಂದು ರಮ್ಯಳಿಗೆ ಓದಿ ಹೇಳಿದ. ತಡವರಿಸುತ್ತಾನೆ, ನಾಚಿಕೆಪಡುವುದಿಲ್ಲ. ವಸಂತ ಅವನನ್ನೇ ನೋಡುತ್ತಾ ಕೂತಿದ್ದ. ಹೊರಡುವಾಗ ಇನಾಯತ್ ಕೈ ಹಿಡಿದುಕೊಂಡೆ. "ನಿನ್ನ ಋಣ ದೊಡ್ಡದಪ್ಪ," ಎಂದೆ. "ಅರೆ ಹೋಗಯ್ಯ, ಒಳ್ಳೇ ಹಬ್ಬದ ದಿನ ಅಳ್ಸಬೇಡ," ಎಂದು ಬೈದು ಕಳಿಸಿದ.

೨೬ ಮಾರ್ಚ್, ಶುಕ್ರವಾರ

ಇಂಗ್ಲಿಷ್ ಪರೀಕ್ಷೆ. ಬೆಳಿಗ್ಗೆ ರಮ್ಯಳಿಗೆ ವಾಂತಿ. ಇಡ್ಲಿ ಮುಟ್ಟಲಿಲ್ಲ. "ಫೇಲಾದ್ರೆ ಹಾಸ್ಟೆಲ್ಲಾ ಅಮ್ಮ?" ಎಂದು ಸುಕನ್ಯಳ ಕಿವಿಯಲ್ಲಿ ಕೇಳಿದ್ದು ವಸಂತನಿಗೂ ಕೇಳಿಸಿತು. ಅವನು ನೆಲದ ಮೇಲೆ ಕೂತು ಅವಳ ಶೂ ಲೇಸ್ ಕಟ್ಟುತ್ತಾ ಹೇಳಿದ:

"ಪಾಸಾದ್ರೂ ಸರಿ, ಫೇಲಾದ್ರೂ ಸರಿ, ಹಾಸ್ಟೆಲ್ ಇಲ್ಲ ಪುಟ್ಟಾ. ಇಲ್ಲಿ ಟಿಸಿ ಕೊಟ್ರೆ ಪಕ್ಕದಲ್ಲೇ ಬೇರೆ ಸ್ಕೂಲ್ ಹುಡುಕ್ತೀನಿ. ನೀನು ನಮ್ಮನೇಲೇ ಇರೋದು. ಎಷ್ಟು ಬರುತ್ತೋ ಅಷ್ಟು ಬರಿ, ಸಾಕು ಅನ್ನಿಸಿದ್ರೆ ಗೆರೆ ಎಳಿ."

ಅವಳು ಅಪ್ಪನ ತಲೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಆಮೇಲೆ ಎರಡು ಇಡ್ಲಿ ತಿಂದಳು.

ಈ ಅಕ್ಷರ ನನಗೇ ಕಾಣುತ್ತಿಲ್ಲ, ಸಾಲಿನ ಮೇಲೆ ಸಾಲು ಹತ್ತಿದೆಯೇನೋ. ಇರಲಿ. ದೇವರು ದೊಡ್ಡವನು.

೧೦ ಏಪ್ರಿಲ್, ಶನಿವಾರ

ಇದು ರಮ್ಯ ಬರೆಯುವುದು. ತಾತನ ಕಣ್ಣಿಗೆ ಆಪರೇಷನ್ ಆಯಿತು. ಪಟ್ಟಿ ಕಟ್ಟಿದ್ದಾರೆ. ಡಾಕ್ಟರ್ ಬರೆಯಬೇಡಿ ಅಂದರು. ಅದಕ್ಕೆ ತಾತ ಹೇಳುತ್ತಾರೆ. ನಾನು ಬರೆಯುತ್ತೇನೆ.

ಸಾಲೇಹಾ ಮೇಡಂಗೆ ನಮಸ್ಕಾರ. ಇನಾಯತ್ ತಾತನಿಗೆ ನಮಸ್ಕಾರ. ಮಿಸ್‌ಗೆ ನಮಸ್ಕಾರ. ತಾತ ಇನ್ನೂ ತುಂಬಾ ಹೇಳಿದರು. ನನ್ನ ಕೈ ನೋಯುತ್ತೆ. ನಾನು ಬರೆಯಲಿಲ್ಲ. ತಾತನಿಗೆ ಈಗ ಕಾಣಲ್ಲ.

ಇವತ್ತು ರಿಸಲ್ಟ್. ನಾನು ಪಾಸು. ಇಂಗ್ಲಿಷ್ ಕಡಿಮೆ. ಮಿಸ್ ನನಗೆ ಪೆನ್ ಕೊಟ್ಟರು.

ಅಜ್ಜಿ ಬಂದು ಕೊಡು ನಾನು ಬರೆಯುತ್ತೇನೆ ಅಂದರು. ಅಪ್ಪ ಬೇಡ ಅಂದರು.

ಮುಯ್ಯಿ ತೀರಿತು ಅಂತ ತಾತ ಹೇಳಿದರು. ಇಲ್ಲ. ಕನ್ನಡ ಮಾತ್ರ ತೀರಿತು. ಅಮ್ಮನ ಇಂಗ್ಲಿಷ್ ಇದೆ. ಅಜ್ಜಿಯ ಚಿತ್ರ ಇದೆ. ಚಿಕ್ಕಪ್ಪನ ಲೆಕ್ಕ ಇದೆ.

ಅಪ್ಪ ನನ್ನ ಪಕ್ಕ ಕೂತಿದ್ದಾರೆ. ಪೆನ್ಸಿಲ್ ಚೂಪು ಮಾಡಿ ಕೊಡುತ್ತಿದ್ದಾರೆ.